ಬೂಷ್ಟಿಗೆ ಬೂಷ್ಟೇ ಮದ್ದು. ಆದರೆ ಪೊಟ್ಟಣದಲ್ಲಿ ಜೀವ ಉಂಟೋ?

ಮೊನ್ನೆ ಸಂಜೆ ಸಾಗರದ ಬಸ್ಸು. ಖಾಸಗಿ ನಿಲ್ದಾಣ ಬಿಡುವ ಹೊತ್ತಿಗೇ ಕಾಲಿಡಲು ಜಾಗವಿಲ್ಲ. ಆನಂದಪುರದ ಕಡೆಯ ರೈತರೊಬ್ಬರು ಕೈಚೀಲ ಹಿಡಿದು ಹತ್ತಿದರು. ಕಂಡಕ್ಟರ್ ಚೀಲ ಇಸಕೊಂಡು ಡ್ರೈವರ್ ಪಕ್ಕದ ಬಾನೆಟ್ ಮೇಲೆ ಹಾಕಿದ. ಚೀಲದ ಬಾಯಿಂದ ಇಣುಕುತ್ತಿದ್ದುದು ಕಿಲೋ ತೂಕದ ಐದು ಬಿಳಿ ಪೊಟ್ಟಣ. ಮೇಲೆ ಹಸಿರು ಅಕ್ಷರದಲ್ಲಿ ‘ಟ್ರೈಕೋಡರ್ಮಾ’ ಎಂದು ಅಚ್ಚಾಗಿತ್ತು.

‘ಎಂತಕ್ಕೆ ಇದು?’ ಅಂತ ಕೇಳಿದೆ.

‘ಶುಂಠಿಗೆ ಮಾರಾಯ್ರೆ. ಕೊಳೆ ಬರದ ಹಾಗೆ ಹಾಕೋ ಪುಡಿ. ಹೋದ ವರ್ಷವೂ ಹಾಕಿದ್ದೆ. ಏನೂ ಆಗ್ಲಿಲ್ಲ.’

‘ಏನೂ ಆಗ್ಲಿಲ್ಲ ಅಂದ್ರೆ, ರೋಗ ಬರ್ಲಿಲ್ವಾ?’

‘ರೋಗ ಬಂತು. ಪುಡಿಯಿಂದ ಏನೂ ಆಗ್ಲಿಲ್ಲ.’

ಸುತ್ತ ನಿಂತವರು ನಕ್ಕರು. ಅವರೂ ನಕ್ಕರು. ಮತ್ತೆ ಯಾಕೆ ತಂದಿರಿ ಅಂದರೆ, ‘ಸಬ್ಸಿಡೀಲಿ ಸಿಕ್ತು, ಬಿಡೋದು ಯಾಕೆ’ ಅಂದರು. ಬಸ್ಸು ಆಯನೂರು ದಾಟುವಷ್ಟರಲ್ಲಿ ಬಾನೆಟ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಐದು ಪೊಟ್ಟಣವೂ ಅದರ ಮೇಲೆ ಹಾಯಾಗಿ ಮಲಗಿದ್ದವು.

ಹಾಲಿಗೆ ಹಾಕುವ ಹೆಪ್ಪನ್ನು ಯಾರಾದರೂ ಒಲೆಯ ಮೇಲಿಟ್ಟು ಊರಿಗೆ ಒಯ್ಯುತ್ತಾರೆಯೇ? ಸದರಿ ಪೊಟ್ಟಣದಲ್ಲಿದ್ದುದೂ ಹೆಪ್ಪೇ. ಅದು ಔಷಧಿಯಲ್ಲ, ಜೀವ. ಇದನ್ನು ಮಾರುವವರು ಸರಿಯಾಗಿ ಹೇಳಿಲ್ಲ, ಕೊಳ್ಳುವವರು ಕೇಳಿಲ್ಲ, ಹಂಚುವ ಇಲಾಖೆ ನೋಡುತ್ತಿಲ್ಲ. ಈ ವಾರದ ಅಂಕಣ ಅದಕ್ಕೆ.

ಪೇಟೆಯವರಿಗೇನು ಸಂಬಂಧ?

‘ನಮಗೇನ್ರೀ ಶುಂಠಿ ಕೊಳೆತರೆ’ ಎಂದು ಗಾಂಧಿಬಜಾರಿನ ಅಂಗಡಿಯವರು ಪುಟ ತಿರುವಬಾರದು. 2023ರಲ್ಲಿ ಅರವತ್ತು ಕಿಲೋ ಶುಂಠಿ ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿದಾಗ ನಿಮ್ಮ ಗಲ್ಲಾಪೆಟ್ಟಿಗೆಯೂ ತುಂಬಿತ್ತು, ನೆನಪಿಲ್ಲವೇ? ದುರ್ಗಿಗುಡಿಯಲ್ಲಿ ಬಟ್ಟೆ, ಬಜಾರಿನಲ್ಲಿ ಬಂಗಾರ, ಷೋರೂಮಿನಲ್ಲಿ ಬೈಕು. ಆ ರೇಟು ಕಂಡು ಗದ್ದೆಗೆ ಗದ್ದೆಯೇ ಶುಂಠಿಯಾಯಿತು. ಆಮೇಲೆ ರೇಟು ಬಿತ್ತು. ರೇಟು ಬಿದ್ದ ವರ್ಷ ರೋಗವೂ ಬಂದರೆ ಸಾಲದ ಚೀಟಿ ಕೊನೆಗೆ ಬಂದು ನಿಲ್ಲುವುದು ದಿನಸಿ ಅಂಗಡಿಯ ಕಟ್ಟೆಯ ಮೇಲೆಯೇ.

ಎಕರೆಗೆ ಹತ್ತು ಹನ್ನೆರಡು ಚೀಲ ಬೀಜದ ಶುಂಠಿ ಮಣ್ಣಿಗೆ ಹಾಕಬೇಕು. ಅಷ್ಟು ದುಡ್ಡು ಮೊದಲೇ ನೆಲದಡಿ ಹೋಯಿತು. ಆಷಾಢದ ಮಳೆಯಲ್ಲಿ ಕೆಳಗಿನ ಎಲೆ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ, ಕಾಂಡದ ಬುಡ ನೀರು ಕುಡಿದಂತೆ ಮೆತ್ತಗಾಗುತ್ತದೆ, ಎಳೆದರೆ ಕೈಗೇ ಬರುತ್ತದೆ. ಅಗೆದರೆ ಗೆಡ್ಡೆ ಕೊಳೆತು ನಾತ. ಇದು ಪಿಥಿಯಂ ಎಂಬ ಸೂಕ್ಷ್ಮಜೀವಿಯ ಕೆಲಸ. ಒಂದು ಬುಡದಲ್ಲಿ ಕಂಡದ್ದು ಮಳೆನೀರಿನ ಜತೆ ಹರಿದು ಮಡಿಯಿಂದ ಮಡಿಗೆ ಹೋಗುತ್ತದೆ. ನೀರಲ್ಲಿ ಈಜುವ ಬೀಜಕಣ ಅದಕ್ಕಿದೆ, ಆದ್ದರಿಂದಲೇ ಮಳೆಗಾಲ ಅಂದರೆ ಅದಕ್ಕೆ ಜಾತ್ರೆ.

ಕೊಳೆರೋಗ ನಮ್ಮದೇ ಮಾತು

ಕೊಳೆಯ ವಿಷಯದಲ್ಲಿ ಮಲೆನಾಡಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೈಸೂರಿನ ಕಾಫಿ ಗಿಡದಿಂದ ಬಂದ ಒಂದು ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಲ್ಯಾಟಿನ್ ಹೆಸರು ಇಡುವಾಗ ನಮ್ಮ ‘ಕೊಳೆರೋಗ’ ಎಂಬ ಕನ್ನಡ ಮಾತನ್ನೇ ಅದಕ್ಕೆ ಅಂಟಿಸಿದ. ಕನ್ನಡ ಶಬ್ದ ಲೋಕದ ಶಾಸ್ತ್ರಗ್ರಂಥಕ್ಕೆ ಹೋದದ್ದೇನೋ ಹೆಮ್ಮೆ, ಹೋದದ್ದು ರೋಗದ ರೂಪದಲ್ಲಿ!

ಅಡಿಕೆಯ ಕೊಳೆಗೆ ಹಿಂದೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಎಂಬುವರು ಈ ರೋಗವನ್ನು ಕೂತು ಅಭ್ಯಾಸ ಮಾಡಿ 1910ರಲ್ಲಿ ಪುಸ್ತಿಕೆ ಬರೆದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ನಮ್ಮ ತೋಟಗಳಲ್ಲಿ ಬೇರೂರಿದ್ದು ಅವರ ಕಾಲದಿಂದ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕ ಇಲ್ಲಿಯ ಮಕ್ಕಳಿಗೂ ಬಾಯಿಪಾಠ.

ಅದು ಗೊನೆಯ ಮಾತು, ಮರದ ತುದಿಯದ್ದು. ಮಣ್ಣಿನೊಳಗಿನ ಕೊಳೆಗೆ ಏನು ಮಾಡುವುದು? ಗದ್ದೆಯ ಮಣ್ಣನ್ನೆಲ್ಲ ಔಷಧಿಯಲ್ಲಿ ನೆನೆಸಲು ಸಾಧ್ಯವೇ? ಸಾಧ್ಯ ಅಂತ ಹೊರಟವರಿದ್ದಾರೆ, ಅವರ ಕಥೆ ಆಮೇಲೆ ಬರುತ್ತದೆ. ಆದರೆ ಮಳೆ ಬಂದಂತೆಲ್ಲ ಔಷಧಿ ತೊಳೆದುಹೋಗುತ್ತದೆ, ರೋಗಾಣು ಉಳಿಯುತ್ತದೆ. ಮಣ್ಣಿನಲ್ಲಿ ತಾನೇ ಬೆಳೆದು, ಬೇರಿನ ಸುತ್ತ ತಾನೇ ಹರಡಿ ಕಾವಲು ಕೂರುವಂಥದ್ದು ಬೇಕು. ಟ್ರೈಕೋಡರ್ಮಾ ಬರುವುದು ಅಲ್ಲಿ.

ಇದು ಹಸಿರು ಬಣ್ಣದ ಒಂದು ಬೂಷ್ಟು. ಯಾವ ಫ್ಯಾಕ್ಟರಿಯಲ್ಲೂ ಹುಟ್ಟಿದ್ದಲ್ಲ, ನಮ್ಮ ಕಾಡಿನ ತರಗೆಲೆಯ ಕೆಳಗೆ, ಕೊಳೆತ ಮರದ ಮೇಲೆ ಮೊದಲಿಂದ ಇರುವಂಥದ್ದೇ. ಅದು ಬೇರೆ ಬೂಷ್ಟನ್ನು ತಿನ್ನುತ್ತದೆಂದು 1932ರಲ್ಲಿ ಅಮೆರಿಕದಲ್ಲಿ ವೈಂಡ್ಲಿಂಗ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ರೋಗದ ಶಿಲೀಂಧ್ರದ ಎಳೆ ಸಿಕ್ಕಿತೆಂದರೆ ಬಳ್ಳಿ ಮರಕ್ಕೆ ಸುತ್ತಿಕೊಂಡಂತೆ ಸುತ್ತಿಕೊಳ್ಳುತ್ತದೆ, ಅದರ ಗೋಡೆ ಕರಗಿಸುವ ರಸ ಬಿಡುತ್ತದೆ, ತೂತು ಕೊರೆದು ಒಳಗಿನದನ್ನು ಹೀರುತ್ತದೆ. ಇಷ್ಟೇ ಅಲ್ಲ. ಬೇರಿನ ಸುತ್ತಲಿನ ಜಾಗ, ಆಹಾರ ಎಲ್ಲವನ್ನೂ ತಾನೇ ಮೊದಲು ಹಿಡಿದುಕೊಳ್ಳುತ್ತದೆ. ನೀವು ದಿನಾ ನೋಡುತ್ತೀರಲ್ಲ, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರು, ಥೇಟ್ ಹಾಗೇ. ಹಿಂದೆ ಬಂದ ರೋಗಾಣುವಿಗೆ ನಿಲ್ಲಲೂ ಜಾಗವಿಲ್ಲ. ಗಿಡದ ಸ್ವಂತ ರೋಗನಿರೋಧ ಶಕ್ತಿಯನ್ನೂ ಅದು ಎಚ್ಚರಿಸುತ್ತದೆ ಎಂದು ಈಚಿನ ಸಂಶೋಧನೆಗಳು ಹೇಳುತ್ತವೆ.

ಇದರ ಜೊತೆಗಾರ ಸುಡೋಮೋನಾಸ್ ಎಂಬ ದುಂಡಾಣು. ಅದರ ಉಪಾಯ ಬೇರೆ: ಮಣ್ಣಿನ ಕಬ್ಬಿಣದ ಅಂಶವನ್ನೆಲ್ಲ ತಾನು ಬಾಚಿಕೊಂಡು ರೋಗಾಣುವನ್ನು ಉಪವಾಸ ಕೆಡವುತ್ತದೆ. ಪೇಟೆಯಲ್ಲಿ ಕಾಳಸಂತೆಯವರು ಸಕ್ಕರೆ ಅಡಗಿಸಿಟ್ಟ ಹಾಗೆ ಅನ್ನೋಣವೇ!

ಇಷ್ಟು ಹೇಳಿ ಒಂದು ತಮಾಷೆಯನ್ನೂ ಹೇಳಬೇಕು. ಅಣಬೆ ಬೆಳೆಯುವವರ ಮುಂದೆ ಟ್ರೈಕೋಡರ್ಮಾ ಎನ್ನಬೇಡಿ, ಬಡಿಗೆ ತಗೊಂಡು ಬಂದಾರು. ಅಣಬೆಯೂ ಶಿಲೀಂಧ್ರವೇ ತಾನೇ? ಅವರ ಚೀಲಕ್ಕೆ ಈ ಹಸಿರು ಬೂಷ್ಟು ಬಿದ್ದರೆ ಬೆಳೆ ಗೋವಿಂದ. ಒಬ್ಬರ ಪೊಲೀಸು ಇನ್ನೊಬ್ಬರ ಕಳ್ಳ.

ಹಾಗಾದರೆ ‘ಏನೂ ಆಗ್ಲಿಲ್ಲ’ ಯಾಕೆ?

ವಿದ್ಯೆ ಸುಳ್ಳಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಕೇಂದ್ರ ಸರ್ಕಾರ 1993ರಿಂದ ಇದಕ್ಕೆಂದೇ ಸಂಸ್ಥೆ ನಡೆಸುತ್ತಿದೆ. ಕಲಬುರಗಿ ಕಡೆ ತೊಗರಿಯ ನೆಟೆ ರೋಗಕ್ಕೆ ಕಿಲೋ ಬೀಜಕ್ಕೆ ನಾಲ್ಕು ಗ್ರಾಂ ಪುಡಿ ಸವರಿ ಬಿತ್ತಿ ಎಂದು ಕೃಷಿ ವಿಶ್ವವಿದ್ಯಾಲಯದವರು ಹೇಳುತ್ತಾ ಬಂದಿದ್ದಾರೆ. ಕಾಳುಮೆಣಸಿನ ಸೊರಗು ರೋಗಕ್ಕೆ, ಅಡಿಕೆಯ ಅಣಬೆ ರೋಗಕ್ಕೆ ಬೇವಿನ ಹಿಂಡಿಯ ಜತೆ ಇದನ್ನು ಬುಡಕ್ಕೆ ಕೊಡುವುದುಂಟು. ಮತ್ತೆ ನಮ್ಮ ಆನಂದಪುರದ ರೈತರ ಗದ್ದೆಯಲ್ಲಿ ಎಡವಿದ್ದು ಎಲ್ಲಿ?

ಮಾತಾಡಿಸುತ್ತಾ ಹೋದೆ. ಪುಡಿ ತಂದದ್ದು ಯಾವಾಗ? ರೋಗ ಕಂಡ ಮೇಲೆ. ಹಾಕಿದ್ದು ಹೇಗೆ? ನೀರಿಗೆ ಕಲಸಿ. ಒಂಟಿಯಾಗಿಯೋ? ‘ಇಲ್ಲ, ಕಾಪರ್ ಪುಡಿಯೂ ಹಾಕಬೇಕಿತ್ತು, ಎರಡೆರಡು ಸಲ ಕೂಲಿ ಯಾರು ಕೊಡ್ತಾರೆ, ಒಂದೇ ಡ್ರಮ್ಮಿಗೆ ಹಾಕಿ ಹುಯ್ದೆ.’

ಆಯ್ತು, ಮುಗಿಯಿತು. ತಾಮ್ರ ಇರುವುದೇ ಬೂಷ್ಟು ಕೊಲ್ಲಲಿಕ್ಕೆ. ಅದಕ್ಕೇನು ನಮ್ಮ ಬೂಷ್ಟು, ಪರರ ಬೂಷ್ಟು ಎಂಬ ಭೇದ ಗೊತ್ತೇ? ಕಾರ್ಬೆಂಡಜಿಮ್ ಎಂಬ ಔಷಧಿಯೂ ಹಾಗೆಯೇ. ಇಂಥ ಮದ್ದು ಹಾಕಿದರೆ ಕನಿಷ್ಠ ಹದಿನೈದು ದಿನ ಬಿಟ್ಟೇ ಈ ಪುಡಿ ಕೊಡಬೇಕು. ನನ್ನ ಭಾವನೂ ಇದೇ ಕೆಲಸ ಮಾಡಿದವರು, ಮಾಡಲು ಹೇಳಿದ್ದು ಅಂಗಡಿಯವರೇ. ಅಂಗಡಿಯವರಿಗೆ ಎರಡೂ ಪೊಟ್ಟಣ ಖರ್ಚಾಯಿತು. ಭಾವನಿಗೆ ಅರ್ಧ ಎಕರೆ ಕೊಳೆತಿತು.

ಇನ್ನು ಸಮಯ. ರೋಗ ಬಂದ ಮೇಲೆ ಹಾಕಿದರೆ ಕಳ್ಳ ಹೋದ ಮೇಲೆ ಬಾಗಿಲಿಗೆ ಅಗಳಿ. ಇದು ವಾಸಿ ಮಾಡುವ ಮದ್ದಲ್ಲ, ಮೊದಲೇ ಸೀಟು ಹಿಡಿಯುವ ಟವೆಲ್. ಕ್ರಮ ಏನೆಂದರೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ನೂರು ಕಿಲೋಗೆ ಒಂದು ಕಿಲೋ ಪುಡಿ. ಸಿಕ್ಕರೆ ಬೇವಿನ ಹಿಂಡಿಯನ್ನೂ ಸೇರಿಸಿ. ಹಿಡಿದರೆ ಉಂಡೆ ನಿಲ್ಲುವಷ್ಟು ನೀರು ಚಿಮುಕಿಸಿ ನೆರಳಲ್ಲಿ ಗುಡ್ಡೆ ಹಾಕಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಬೇಕು. ಮೂರು ನಾಲ್ಕು ದಿನಕ್ಕೊಮ್ಮೆ ಮಗುಚಬೇಕು. ಹತ್ತು ಹದಿನೈದು ದಿನದಲ್ಲಿ ಗೊಬ್ಬರದ ಮೇಲೆ ಮೊದಲು ಬಿಳಿ ಎಳೆ, ಆಮೇಲೆ ಹಸಿರು ಪುಡಿ ಕಾಣುತ್ತದೆ. ಹಾಲು ಮೊಸರಾಯಿತು ಎಂದು ಲೆಕ್ಕ. ಅದನ್ನು ಶುಂಠಿ ಹೂಳುವಾಗಲೇ ಕುಣಿಗೆ ಕೊಡಬೇಕು. ಹಸಿರು ಕಾಣದೇ ಹೋದರೆ ಪುಡಿ ಸತ್ತಿರಬಹುದು ಎಂಬ ಗುಮಾನಿ ಇರಲಿ. ಬೇರೆ ಬೂಷ್ಟುಗಳೂ ಹಸಿರಾಗಿರುವುದರಿಂದ ಇದು ಅಂದಾಜಿನ ಪರೀಕ್ಷೆಯೇ ಹೊರತು ಕೋರ್ಟಿನ ಸಾಕ್ಷಿಯಲ್ಲ.

ನೀರು ನಿಲ್ಲುವ ಗದ್ದೆಯಲ್ಲಿ ಇದೂ ಗೆಲ್ಲುವುದಿಲ್ಲ. ಮಡಿ ಎತ್ತರ ಮಾಡಿ ಬಸಿಗಾಲುವೆ ತೆಗೆಯದವನಿಗೆ ಯಾವ ಪುಡಿಯೂ ದಿಕ್ಕಲ್ಲ. ಮತ್ತೊಂದು ಸಂಗತಿ: ಶುಂಠಿ ಸಾಯುವುದೆಲ್ಲ ಪಿಥಿಯಂನಿಂದಲ್ಲ. ರೋಗ ಬಂದ ಕಾಂಡ ಕತ್ತರಿಸಿ ತಿಳಿನೀರಿನ ಲೋಟದಲ್ಲಿ ಇಳಿಬಿಡಿ. ಹಾಲಿನಂಥ ಎಳೆ ನೀರಿಗೆ ಇಳಿಯಿತೆಂದರೆ ಅದು ದುಂಡಾಣು ಸೊರಗು. ಅದರ ದಾರಿಯೇ ಬೇರೆ, ಈ ಪುಡಿಯ ಮೇಲೆ ನಂಬಿಕೆ ಇಟ್ಟು ಕೂರುವಂತಿಲ್ಲ. ಲೋಟದ ನೀರಿಗೆ ದುಡ್ಡು ಬೇಕಾಗಿಲ್ಲ, ಆದರೂ ಎಷ್ಟು ಜನ ನೋಡುತ್ತಾರೆ?

ಅಡಿಕೆಯವರಿಗೂ ಒಂದು ಮಾತು. ತೀರ್ಥಹಳ್ಳಿ, ಹೊಸನಗರದ ಕಡೆ ಎಲೆಚುಕ್ಕೆ ರೋಗ ಬಂದಾಗಿನಿಂದ ಬಾಟಲಿ ಹಿಡಿದವರೆಲ್ಲ ವಿಜ್ಞಾನಿಗಳಾಗಿದ್ದಾರೆ. ‘ಜೈವಿಕ, ಎಲ್ಲದಕ್ಕೂ ಒಂದೇ’ ಎಂದು ತೋಟದ ಬಾಗಿಲಿಗೇ ಬರುತ್ತಾರೆ. ಬುಡಕ್ಕೆ ಹಾಕುವ ಬೂಷ್ಟು ನಲವತ್ತಡಿ ಮೇಲಿನ ಸೋಗೆಯ ರೋಗ ಓಡಿಸುವುದಿಲ್ಲ, ಗೊನೆಯ ಕೊಳೆಗೂ ಬೋರ್ಡೋ ಬಿಟ್ಟು ಇದನ್ನು ನಂಬಿ ಕೂರುವ ಹಾಗಿಲ್ಲ. ಎಲ್ಲ ರೋಗಕ್ಕೂ ಒಂದೇ ಮದ್ದು ಕೊಡುವವರನ್ನು ಜಾತ್ರೆಯಲ್ಲಿ ನೋಡಿದ್ದೇವೆ.

ಅಂಗಡಿಯ ಶೆಲ್ಫು, ಸರ್ಕಾರದ ಲೆಕ್ಕ

ಈಗ ಪೊಟ್ಟಣಕ್ಕೆ ಬರೋಣ. ಇದು ಗೊಬ್ಬರದ ಹಾಗೆ ಕಂಡರೂ ಕಾನೂನಿನ ಕಣ್ಣಲ್ಲಿ ಕೀಟನಾಶಕವೇ. 1968ರ ಕೀಟನಾಶಕ ಕಾಯ್ದೆಯ ಕೆಳಗೆ ಕೇಂದ್ರದಲ್ಲಿ ನೋಂದಣಿ ಆಗಿರಬೇಕು. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ತಯಾರಾದ ತಾರೀಖು, ಮುಗಿಯುವ ತಾರೀಖು ಇರಬೇಕು. ಟ್ರೈಕೋಡರ್ಮಾ ಪುಡಿಯ ಒಂದು ಗ್ರಾಮಿನಲ್ಲಿ ಕನಿಷ್ಠ 20 ಲಕ್ಷ ಜೀವಂತ ಕಣ ಇರಬೇಕೆಂದು ನಿಯಮ. ಅಂದರೆ ಕಿಲೋ ಪೊಟ್ಟಣದಲ್ಲಿ 200 ಕೋಟಿ. ಉಳಿದದ್ದೆಲ್ಲ ಹೆಚ್ಚಾಗಿ ಟಾಲ್ಕಂ ಪುಡಿ, ಮುಖಕ್ಕೆ ಹಚ್ಚುವ ಪೌಡರಿನ ಅಣ್ಣ. ಜೀವ ಹೋದ ಪೊಟ್ಟಣ ಅಂದರೆ ಬರೀ ಪೌಡರು. ನೋಡಲು ಎರಡೂ ಒಂದೇ. ತೂಕ ಒಂದೇ. ರೇಟೂ ಒಂದೇ!

ಇದೇ ಇದರ ಕಷ್ಟ. ಅಕ್ಕಿಯಲ್ಲಿ ಕಲ್ಲಿದ್ದರೆ ಹಲ್ಲಿಗೆ ಗೊತ್ತಾಗುತ್ತದೆ. ಹಾಲಿಗೆ ನೀರು ಹಾಕಿದರೆ ನಾಲಿಗೆಗೆ ಗೊತ್ತಾಗುತ್ತದೆ. ಇಲ್ಲಿ ಮೋಸ ಆಯಿತೋ, ಹಾಗೇ ಸತ್ತಿತೋ ತಿಳಿಯಬೇಕಾದರೆ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ ಎಣಿಸಬೇಕು. ರೈತನಿಗೆ ಅದು ತಿಳಿಯುವುದು ಆಷಾಢದಲ್ಲಿ, ಗೆಡ್ಡೆಯ ನಾತದಿಂದ.

ನಮ್ಮ ಗೊಬ್ಬರದಂಗಡಿಗಳನ್ನು ನೋಡಿ. ತಗಡಿನ ಮಾಡು, ಏಪ್ರಿಲ್ ಬಿಸಿಲು, ಬಾಗಿಲ ಎದುರಿಗೇ ಪ್ರದರ್ಶನಕ್ಕಿಟ್ಟ ಪೊಟ್ಟಣ. ನಲವತ್ತು ಡಿಗ್ರಿಯ ಬಿಸಿಯಲ್ಲಿ ವಾರಗಟ್ಟಲೆ ಕೂತರೆ ಎಣಿಕೆ ಇಳಿಯದೆ ಇರುತ್ತದೆಯೇ? ಒಂದು ಬಸ್ ಪ್ರಯಾಣದಲ್ಲಿ 200 ಕೋಟಿಯೂ ಸತ್ತವು ಅಂತ ನಾನು ಹೇಳುತ್ತಿಲ್ಲ, ಬೂಷ್ಟಿನ ಕಣ ಅಷ್ಟು ಪುಕ್ಕಲಲ್ಲ. ಆದರೆ ಗೋಡೌನಿನ ಸೆಕೆ, ಲಾರಿಯ ಸೆಕೆ, ಶೆಲ್ಫಿನ ಸೆಕೆ, ಕೊನೆಗೆ ಬಾನೆಟ್ಟು: ಎಲ್ಲ ಸೇರಿದರೆ ಮುಗಿಯುವ ತಾರೀಖಿನ ಮುಂಚೆಯೇ ಮುಗಿದಿರುತ್ತದೆ. ಐಸ್‌ಕ್ರೀಮಿಗೆ ಫ್ರಿಜ್ಜು ಇಡುವ ಊರಿನಲ್ಲಿ ಇದಕ್ಕೆ ತಣ್ಣನೆಯ ಒಂದು ಒಳಮೂಲೆ ಸಿಗುವುದಿಲ್ಲವೇ?

ಅಂಗಡಿಯವರನ್ನೇ ದೂರಿ ಕೂತರೆ ಪಕ್ಷಪಾತವಾದೀತು. ಗೊಬ್ಬರದಂಗಡಿಯ ಮಾಲೀಕರಿಗೆಂದೇ ಒಂದು ವರ್ಷದ ಡಿಪ್ಲೊಮಾ ತರಬೇತಿಯನ್ನು ಹೈದರಾಬಾದಿನ ಕೇಂದ್ರ ಸಂಸ್ಥೆ 2003ರಿಂದ ನಡೆಸುತ್ತಿದೆ. ಸರ್ಟಿಫಿಕೇಟು ಗೋಡೆಗೆ ಹೊಡೆದಿರುವವರು ನಮ್ಮಲ್ಲೂ ಇದ್ದಾರೆ. ಅವರಲ್ಲಿ ಒಬ್ಬರು ಹೇಳಿದ ಮಾತು ಕೇಳಿ: ‘ಸ್ವಾಮಿ, ರಾಸಾಯನಿಕ ಮಾರಿದ್ರೆ ಕಂಪನಿ ಸ್ಕೀಮ್ ಕೊಡುತ್ತೆ, ಟೂರ್ ಕರ್ಕೊಂಡು ಹೋಗುತ್ತೆ. ಈ ಪುಡಿ ಉಳಿದ್ರೆ ವಾಪಸ್ ತಗೊಳ್ಳೋರೂ ಇಲ್ಲ. ತಾರೀಖು ಮುಗಿದದ್ದು ನನ್ನ ತಲೆ ಮೇಲೆ.’ ನ್ಯಾಯವಾದ ಮಾತೇ. ಬೇಕರಿಯವನ ಬ್ರೆಡ್ಡಿನ ಹಾಗೆ ಹಳೆಯ ಪೊಟ್ಟಣ ವಾಪಸ್ ಪಡೆಯುವ ಕರಾರು ತಯಾರಕರಿಗೆ ಹಾಕಬೇಕು.

ಇಲಾಖೆಯದ್ದು ಇನ್ನೊಂದು ಬಗೆ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ದರದಲ್ಲಿ ಪೊಟ್ಟಣ ಹಂಚಲಾಗುತ್ತದೆ. ವರದಿಯಲ್ಲಿ ಬರುವುದು ಎಷ್ಟು ಕಿಲೋ ಹಂಚಿದೆವು ಎಂಬ ಲೆಕ್ಕ. ಹಂಚುವ ದಿನ ಅದರಲ್ಲಿ ಎಷ್ಟು ಜೀವ ಇತ್ತು ಎಂಬ ಲೆಕ್ಕ ಎಲ್ಲಿ? ಅಂಗಡಿಯಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸುವ ಅಧಿಕಾರ ಕೀಟನಾಶಕ ಪರಿವೀಕ್ಷಕರಿಗೆ ಕಾಯ್ದೆಯಲ್ಲೇ ಇದೆ. ನವುಲೆಯಲ್ಲಿ ಕೃಷಿ ಕಾಲೇಜಿದೆ, ಇರುವಕ್ಕಿಯಲ್ಲಿ ವಿಶ್ವವಿದ್ಯಾಲಯವೇ ಇದೆ. ತಟ್ಟೆಯಲ್ಲಿ ಬೂಷ್ಟು ಎಣಿಸಲು ಅಲ್ಲಿಯ ಹುಡುಗರಿಗೆ ಬರುವುದಿಲ್ಲವೇ?

ಒಂದು ವರ್ಷದ ಗದ್ದೆ

ಮಣ್ಣನ್ನೇ ಔಷಧಿಯಲ್ಲಿ ನೆನೆಸುವವರ ಕಥೆ ಹೇಳುತ್ತೇನೆಂದಿದ್ದೆ. ಜಿಲ್ಲೆಯ ಶುಂಠಿಯಲ್ಲಿ ಬಹಳಷ್ಟು ಗುತ್ತಿಗೆ ಭೂಮಿಯ ಶುಂಠಿ. ಹೊರಗಿನವರೂ ಇದ್ದಾರೆ, ಒಳಗಿನವರೂ ಇದ್ದಾರೆ. ಒಂದು ವರ್ಷಕ್ಕೆ ಗದ್ದೆ ಹಿಡಿದು, ದುಡ್ಡು ಎಣಿಸಿ ಕೊಟ್ಟು, ಬೆಳೆ ಕಿತ್ತು ಮುಂದಿನ ಊರಿಗೆ ಹೋಗುವವರು. ಕೊಳೆ ಹೊಕ್ಕ ಮಣ್ಣಿನಲ್ಲಿ ಮರುವರ್ಷ ಶುಂಠಿ ಹಾಕುವಂತಿಲ್ಲ ಎಂಬುದು ಅವರಿಗೂ ಗೊತ್ತು, ಅದಕ್ಕೇ ಊರು ಬದಲಿಸುವುದು. ಅಂಥವರಿಗೆ ಮಣ್ಣಿನ ಜೀವ ಕಟ್ಟಿಕೊಂಡು ಆಗಬೇಕಾದದ್ದೇನು? ಬ್ಯಾರೆಲ್ಲುಗಟ್ಟಲೆ ಔಷಧಿ ಹುಯ್ದು ಈ ಒಂದು ಬೆಳೆ ದಾಟಿಸಿದರೆ ಸಾಕು. ಲಾಜಿನ ಬೆಡ್‌ಶೀಟನ್ನು ಯಾರಾದರೂ ಒಗೆದು ಕೊಟ್ಟು ಹೋಗುತ್ತಾರೆಯೇ?

ಉಳಿಯುವುದು ಮಾಲೀಕ, ಅವನ ಗದ್ದೆ, ಆ ಗದ್ದೆಯ ಕೆಳಗಿನ ಬಾವಿ. ಮುಂದೆ ಅಲ್ಲೇ ಭತ್ತವೋ ಜೋಳವೋ ಅಡಿಕೆ ಸಸಿಯೋ ಇಡುವವನು ಅವನು. ಅಂಥವನೇ ಗುತ್ತಿಗೆ ಚೀಟಿಯಲ್ಲಿ ಒಂದು ಸಾಲು ಬರೆಸಬಹುದು: ಇಂತಿಷ್ಟು ಗಾಡಿ ಕೊಟ್ಟಿಗೆ ಗೊಬ್ಬರ, ಅದಕ್ಕೆ ಇಂಥ ಹೆಪ್ಪು, ಬಸಿಗಾಲುವೆ ಇಷ್ಟು ಆಳ. ಚೀಟಿ ಬರೆಯುವ ಬಾಂಡ್ ರೈಟರುಗಳು ಕೋರ್ಟಿನ ಎದುರು ಸಾಲಾಗಿ ಕೂತಿದ್ದಾರೆ. ಬಾಡಿಗೆ ಮನೆಗೆ ಸುಣ್ಣ ಬಳಿಸಿ ಕೊಡಬೇಕೆಂದು ಬರೆಸುವ ನಾವು ಗದ್ದೆಗೆ ಮಾತ್ರ ದುಡ್ಡು ಎಣಿಸಿ ಸುಮ್ಮನಾಗುತ್ತೇವೆ.

ಯುಗಾದಿ ಹತ್ತಿರ ಬಂತು. ಏಪ್ರಿಲ್, ಮೇ ತಿಂಗಳಲ್ಲಿ ಶುಂಠಿ ನೆಲಕ್ಕೆ ಬೀಳುತ್ತದೆ. ಗೊಬ್ಬರಕ್ಕೆ ಹೆಪ್ಪು ಹಾಕುವವರು ಅದಕ್ಕೆ ಎರಡು ವಾರ ಮುಂಚೆ ಹಾಕಬೇಕು. ಹಾಗಾಗಿ ಕೊಳ್ಳುವ ಕಾಲ ಇದೇ. ತಾರೀಖು ನೋಡಿ, ನೋಂದಣಿ ಸಂಖ್ಯೆ ನೋಡಿ, ಬಿಲ್ಲು ಕೇಳಿ. ಬಾಗಿಲ ಬಿಸಿಲಿನ ಪೊಟ್ಟಣ ಬಿಟ್ಟು ಒಳಗಿನದು ಕೊಡಿ ಎನ್ನಿ. ಬಸ್ಸಿನಲ್ಲಿ ಕಾಲಬುಡದಲ್ಲಿ ಇಟ್ಟುಕೊಳ್ಳಿ.

ಅಂದ ಹಾಗೆ ನಮ್ಮ ರೈತರು ಚೋರಡಿ ಬರುವಷ್ಟರಲ್ಲಿ ಚೀಲವನ್ನು ಬಾನೆಟ್ಟಿನಿಂದ ಇಳಿಸಿ ಮಡಿಲಲ್ಲಿ ಇಟ್ಟುಕೊಂಡರು. ಪಕ್ಕದ ಅಜ್ಜಿ, ‘ಎಂತ ಮಗಾ, ಕೋಳಿಮರಿಯೋ?’ ಎಂದು ಕೇಳಿದರು.

ಜಿಲ್ಲೆಯ ಕೃಷಿ, ತೋಟಗಾರಿಕೆ ಅಧಿಕಾರಿ ಮಹಾಶಯರಲ್ಲಿ ಒಂದು ವಿನಂತಿ. ಈ ಹಂಗಾಮಿನಲ್ಲಿ ಎಷ್ಟು ಅಂಗಡಿಯಿಂದ, ಎಷ್ಟು ಸಂಪರ್ಕ ಕೇಂದ್ರದಿಂದ ಈ ಪುಡಿಯ ಮಾದರಿ ತೆಗೆದಿರಿ, ಗ್ರಾಮಿಗೆ ಎಷ್ಟು ಜೀವ ಸಿಕ್ಕಿತು ಎಂಬ ಪಟ್ಟಿ ಕೊಡಿ. ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ. ಜಾಹೀರಾತಿನ ದರ ಕೇಳುವುದಿಲ್ಲ.